ಹಿಂದಿನ ಎಡಗಡೆ ಚಕ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಮೆಕ್ಯಾನಿಕ್ ಏನಲ್ಲ. ಮೂವತ್ತಾರು ವರ್ಷ ಒಂದು ಸರ್ಕಾರಿ ಇಲಾಖೆಯ ಜೀಪುಗಳ ಕೆಳಗೆ ಮಲಗಿದ್ದೆ ಎನ್ನುವುದು ನಿಜ. ಅದರಲ್ಲಿ ಎಷ್ಟು ಹೊತ್ತು ಕೆಲಸ ಮಾಡಿದೆ, ಎಷ್ಟು ಹೊತ್ತು ನಿದ್ದೆ ಮಾಡಿದೆ ಎನ್ನುವುದು ನನಗೂ ಆ ಜೀಪುಗಳಿಗೂ ಮಾತ್ರ ಗೊತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಇಲಾಖೆಯ ಗಾಡಿ ಎಲ್ಲಿ ಕೆಟ್ಟು ನಿಂತರೂ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದವನು ನಾನು. ನಮ್ಮೂರು ಅರಕೆರೆಯಲ್ಲಿ ಈಗಲೂ ನನ್ನನ್ನು ಜೀಪ್ ಚಿಕ್ಕಣ್ಣ ಎನ್ನುತ್ತಾರೆ. ಜೀಪಿನ ಮಾತಿರಲಿ, ನನ್ನ ಹತ್ತಿರ ಇರುವ ಸೈಕಲ್ಲಿಗೇ ಬ್ರೇಕ್ ಸರಿಯಿಲ್ಲ.

ಹೊಸದಾಗಿ ಈ ಕಸುಬಿಗೆ ಬರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ ಎಂದರೆ ಅರ್ಧ ಸುಳ್ಳು. ಬರೆಯಲೇಬೇಕೆಂದು ಒಬ್ಬರ ಅಪ್ಪಣೆಯಾಗಿದೆ. ಒಬ್ಬ ಒಳ್ಳೆಯ ಡ್ರೈವರನ ಹೆಸರು ಇಲಾಖೆಯ ಕಾಗದದಲ್ಲಿ ಕೆಟ್ಟುಹೋಗಿದೆ, ಕೆಡಿಸಿದವನು ನಾನು. ಒಂದು ಹಳೇ ಜೀಪು ಬ್ರೇಕ್ ಆಯಿಲ್ ಸೋರುತ್ತಿತ್ತು, ಅದನ್ನು ನಾನು ನಾಲ್ಕು ಸಲ ರಿಪೇರಿ ಮಾಡಿದೆ. ಮೂರು ಸಲ ಹಾಳು ಮಾಡಿದೆ ಎಂದರೂ ನಡೆಯುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಶ್ರೀರಂಗಪಟ್ಟಣದ ವರ್ಕ್‌ಶಾಪಿನಲ್ಲೇ ಆ ಜೀಪಿತ್ತು. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ. ಕಾಲುವೆ ಏರಿ, ಕಬ್ಬಿನ ಗದ್ದೆಯ ಕೆಸರು, ಯಾವುದಕ್ಕೂ ಅಂಜುತ್ತಿರಲಿಲ್ಲ. ನಿಲ್ಲುವ ವಿಷಯದಲ್ಲಿ ಮಾತ್ರ ಅದಕ್ಕೆ ಅಷ್ಟು ಉತ್ಸಾಹವಿರಲಿಲ್ಲ. ದಿನಾ ಬೆಳಿಗ್ಗೆ ನೆಲದ ಮೇಲೆ ಒಂದಷ್ಟು ಆಯಿಲ್ ಸುರಿಸಿಕೊಂಡು ನಿಂತಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಹಾಲು ಕರೆಯುವ ಹಸು ಎಂದು ಡ್ರೈವರುಗಳು ಅದಕ್ಕೆ ಗೌರಿ ಎಂದು ಹೆಸರಿಟ್ಟಿದ್ದರು.

ಆ ಕಾಲದ ಜೀಪಿನ ಬ್ರೇಕನ್ನು ತಿಳಿಯುವುದು ಕಷ್ಟವಲ್ಲ. ಪೆಡಲ್ ಒತ್ತಿದರೆ ಡ್ರೈವರನ ಕಾಲಡಿಯಲ್ಲಿರುವ ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಪೈಪಿನೊಳಗೆ ನುಗ್ಗಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಪ್ರತಿ ಚಕ್ರದಲ್ಲೂ ಬೆರಳುದ್ದದ ಒಂದು ಸಣ್ಣ ಸಿಲಿಂಡರು, ಅದರೊಳಗೆ ಎರಡು ರಬ್ಬರ್ ಕಪ್ಪು. ಆಯಿಲ್ ತಳ್ಳಿದಾಗ ಅವು ಎರಡು ಕಡೆಗೂ ಸರಿದು ಲೈನರನ್ನು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತವೆ, ಗಾಡಿ ನಿಲ್ಲುತ್ತದೆ. ರಬ್ಬರು ಸವೆದರೆ ಆಯಿಲ್ ಸೋರುತ್ತದೆ. ನಾಲ್ಕಕ್ಕೂ ಒಂದೇ ದಾರಿ ಆದ್ದರಿಂದ ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ನನಗೆ ಹೆಚ್ಚುಕಡಿಮೆ ಇಡೀ ಸರ್ವೀಸೇ ಹಿಡಿಯಿತು.

ನಮ್ಮ ಮೇಸ್ತ್ರಿ ಪುಟ್ಟಸ್ವಾಮಯ್ಯನವರು. ಕಡಿಮೆ ಮಾತು, ಜಾಸ್ತಿ ಎಲೆಅಡಿಕೆ. ನಾನು ಸೇರಿದ ಎರಡನೇ ವಾರ, "ಗೌರಿ ಹಿಂದಿನ ಎಡಗಡೆ ಚಕ್ರ ಬಿಚ್ಚಿ ರಬ್ಬರ್ ಬದಲಾಯಿಸ್ಲಾ" ಎಂದು ಹೇಳಿ ಸಂತೆಗೆ ಹೋದರು. ನನಗೆ ಸ್ವಂತ ಬುದ್ಧಿ ತೋರಿಸುವ ಆಸೆ. ಹೇಳಿದ ಚಕ್ರದ ಜೊತೆಗೆ, ಯಾರೂ ಹೇಳದಿದ್ದ ಮಾಸ್ಟರ್ ಸಿಲಿಂಡರನ್ನೂ ಬಿಚ್ಚಿದೆ. ಬೇರಿಂಗು, ನಟ್ಟು, ಬೋಲ್ಟು ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆಯುವುದನ್ನು ನೋಡಿದ್ದೆನಲ್ಲ, ರಬ್ಬರ್ ಕಪ್ಪುಗಳನ್ನೂ ಡೀಸೆಲ್ಲಿನಲ್ಲಿ ನೆನೆಹಾಕಿ, ಹಬ್ಬಕ್ಕೆ ಪಾತ್ರೆ ಬೆಳಗಿದ ಹಾಗೆ ಬೆಳಗಿ ಜೋಡಿಸಿದೆ. ಮೇಸ್ತ್ರಿ ಬಂದು ಪೆಡಲ್ ಒತ್ತಿ ನೋಡಿ "ಪರ್ವಾಗಿಲ್ಲ" ಎಂದರು. ಆ ರಾತ್ರಿ ನಾನು ಎರಡು ಮುದ್ದೆ ಜಾಸ್ತಿ ಉಂಡೆ.

ಮಾರನೆಯ ದಿನ ಸಾಹೇಬರನ್ನು ಕೂರಿಸಿಕೊಂಡು ಹೊರಟ ಗೌರಿ, ಕಾವೇರಿ ಸೇತುವೆಯ ನಟ್ಟನಡುವೆ ನಾಲ್ಕೂ ಚಕ್ರ ಬಿಗಿದುಕೊಂಡು ನಿಂತಿತು. ಡ್ರಮ್ಮುಗಳಿಂದ ಹೊಗೆ. ಹಿಂದೆ ಬಸ್ಸು, ಲಾರಿ, ಹುಲ್ಲು ಹೇರಿದ ಗಾಡಿ ಎಲ್ಲ ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿವೆ. ಮೇಸ್ತ್ರಿಯೂ ನಾನೂ ಓಡಿದೆವು. ಅವರು ಅಲ್ಲೇ ಪೈಪು ಸಡಿಲಿಸಿ ಆಯಿಲ್ ಬಿಟ್ಟು ಚಕ್ರ ಬಿಡಿಸಿದರು. ವರ್ಕ್‌ಶಾಪಿಗೆ ಎಳೆದು ತಂದು ಬಿಚ್ಚಿದರೆ ರಬ್ಬರುಗಳು ಒಂದೂವರೆಯಷ್ಟು ದಪ್ಪವಾಗಿವೆ.

"ರಬ್ಬರ್‌ಗೆ ಡೀಸೆಲ್ ಕುಡ್ಸಿದ್ಯೇನ್ಲಾ? ನೋಡು, ಎಂಗ್ ಊದ್ಕಂಡವೆ. ಇದ್ನ ಬ್ರೇಕ್ ಆಯಿಲ್ನಲ್ಲೇ ತೊಳೀಬೇಕು ಕಣ್ಲಾ ಬಡ್ಡೆತ್ತದೆ!"

ಆ ದಿನ ಗೌರಿಯನ್ನು ಓಡಿಸುತ್ತಿದ್ದವನು ಬೋರಣ್ಣ. ಇಲಾಖೆಯ ಕಾಗದದಲ್ಲಿ ಬೋರೇಗೌಡ. ಅಕ್ಕಿಹೆಬ್ಬಾಳಿನವನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಸೇತುವೆಯ ಮೇಲೆ ಅಷ್ಟು ಜನರ ಬೈಗುಳ ತಿಂದು ಬಂದಿದ್ದರೂ ನನ್ನ ಮುಖ ನೋಡಿ ನಕ್ಕುಬಿಟ್ಟ.

"ಗಾಡಿ ನಿಲ್ಲಕಿಲ್ಲ ಅಂತ ಬುಟ್ರೆ, ಓಗಕಿಲ್ಲ ಅನ್ನಂಗೆ ಮಾಡ್ಕೊಟ್ಟಿದ್ದೀಯಲ್ಲೋ ಚಿಕ್ಕ!"

ಬೋರಣ್ಣನ ಬಗ್ಗೆ ಸ್ವಲ್ಪ ಹೇಳಬೇಕು. ಅವನು ಬರಿಗಾಲಲ್ಲಿ ಗಾಡಿ ಓಡಿಸುತ್ತಿದ್ದ. ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಇಟ್ಟು, ಅಂಗಾಲನ್ನು ಪ್ಯಾಂಟಿಗೆ ಒಮ್ಮೆ ಉಜ್ಜಿಕೊಂಡು ಪೆಡಲ್ ಮೇಲೆ ಇಡುತ್ತಿದ್ದ. ಚಪ್ಪಲಿ ಇದ್ದರೆ ಬ್ರೇಕ್ ಹೇಳುವುದು ಕಾಲಿಗೆ ಕೇಳಿಸುವುದಿಲ್ಲ ಎನ್ನುವುದು ಅವನ ವಾದ. ಸೀಟಿನ ಪಕ್ಕ ತುಂಬಿದ ಕಾಫಿ ಲೋಟ ಇಟ್ಟುಕೊಂಡು ಹೋಗಿ ಒಂದು ತೊಟ್ಟೂ ಚೆಲ್ಲದ ಹಾಗೆ ನಿಲ್ಲಿಸುತ್ತಿದ್ದ. ನಾಲ್ಕು ತಾಲ್ಲೂಕಿನ ಡ್ರೈವರುಗಳೂ 'ಬೋರಣ್ಣನ ಕಾಲು' ಎಂದು ಹೆಸರು ಹಿಡಿದು ಹೇಳುತ್ತಿದ್ದರು. ಅವನಿಗೂ ಆ ಕಾಲಿನ ಮೇಲೆ ಬಹಳ ಅಭಿಮಾನ. ಹಬ್ಬದ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಬಲಗಾಲಿಗೆ ಒಂದು ಕೈ ಜಾಸ್ತಿ ಹಚ್ಚುತ್ತೇನೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ.

ಕೆಲವು ವರ್ಷದ ಮೇಲೆ ಗೌರಿಯನ್ನು ಕೆ.ಆರ್. ಪೇಟೆಗೆ ಹಾಕಿದರು. ಜೊತೆಗೆ ಬೋರಣ್ಣನನ್ನೂ. ಒಂದು ದಿನ ಅವನಿಂದ ಕರೆ ಬಂತು. ಆಯಿಲ್ ದಿನಾ ಕಮ್ಮಿಯಾಗುತ್ತಿದೆ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಹೋದೆ. ಮೂರು ದಿನ ಗಾಡಿಯ ಕೆಳಗೆ ಬಿದ್ದುಕೊಂಡು ಹುಡುಕಿದೆ. ಮಾಸ್ಟರ್ ಸಿಲಿಂಡರ್ ಒಣಗಿದೆ, ಪೈಪುಗಳು ಒಣಗಿವೆ. ಹಿಂದಿನ ಎಡಗಡೆ ಟೈರಿನ ಒಳಮೈಯಲ್ಲಿ ಮಾತ್ರ ಒಂದು ಒದ್ದೆ ಗೆರೆ, ಮೇಲಿಂದ ಕೆಳಕ್ಕೆ ಇಳಿದಿದೆ. ಕಚೇರಿಯ ಮುಂದೆ ಎಂಟು ಹತ್ತು ನಾಯಿಗಳು ಯಾವಾಗಲೂ ಇರುತ್ತಿದ್ದವು. ಟೈರು ಕಂಡರೆ ನಾಯಿ ಏನು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ನಾನು ಮಡಿವಂತನ ಹಾಗೆ ಮೂಗು ಮುಚ್ಚಿಕೊಂಡು ಆ ಕಡೆಗೆ ತಲೆಯನ್ನೇ ಹಾಕಲಿಲ್ಲ. ಆಯಿಲ್ ಯಾರೋ ಕದಿಯುತ್ತಿದ್ದಾರೆ ಎಂದು ತೀರ್ಮಾನ ಮಾಡಿ ಶ್ರೀರಂಗಪಟ್ಟಣಕ್ಕೆ ವಾಪಸು ಬಂದೆ.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡರು. ಎಲೆಅಡಿಕೆ ಉಗಿದು ಬಂದು ಕೇಳಿದರು.

"ಒದ್ದೆ ಟೈರ್‌ನ ಒರಗಡೆ ಇತ್ತಾ, ಒಳಗಡೆ ಇತ್ತಾ?"

"ಒಳಗಡೆ, ಮೇಸ್ತ್ರಿ."

"ನಾಯಿ ಜೀಪ್‌ನ ಅಡಿಗೆ ನುಗ್ಗಿ, ಅಂಗಾತ ಮನೀಕಂಡು, ಒಳಗಡೆಯಿಂದ ಕಾಲೆತ್ತಿತೇನ್ಲಾ?"

ವರ್ಕ್‌ಶಾಪಿನಲ್ಲಿದ್ದವರೆಲ್ಲ ನಕ್ಕರು. ಅದಾದ ಮೇಲೆ ಎರಡು ಮೂರು ವರ್ಷ ನಾನು ಯಾವ ಗಾಡಿಯ ಕೆಳಗೆ ನುಗ್ಗಿದರೂ ಯಾರಾದರೊಬ್ಬರು ಬೊಗಳುತ್ತಿದ್ದರು. ಅವತ್ತು ಮಾತ್ರ ಮೇಸ್ತ್ರಿ ಬಸ್ಸು ಹತ್ತಿ ನನ್ನ ಜೊತೆ ಪೇಟೆಗೆ ಬಂದರು. ನನ್ನ ಬೆರಳು ಹಿಡಿದು ಆ ಒದ್ದೆಗೆ ಒತ್ತಿಸಿದರು. ತೆಳ್ಳಗೆ ಜಾರಿತು. ನೀರು ಹಾಕಿದರೆ ಹಾಗೇ ಕರಗಿ ಹೋಯಿತು. ಎಂಜಿನ್ ಆಯಿಲ್ ಆದರೆ ನೀರಿಗೆ ಹೋಗುವುದಿಲ್ಲ, ಗೇರ್ ಆಯಿಲ್ ಆದರೆ ಗಬ್ಬು ನಾರುತ್ತದೆ, ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಎದ್ದು ಬರುತ್ತದೆ ಎಂದು ಒಂದೊಂದಾಗಿ ತೋರಿಸಿದರು. ಚಕ್ರ ಬಿಚ್ಚಿದರೆ ಡ್ರಮ್ಮಿನೊಳಗೆ ಆಯಿಲೂ ಧೂಳೂ ಕಲಸಿ ಹುಳಿಗೊಜ್ಜಿನ ಹಾಗೆ ಮೆತ್ತಿಕೊಂಡಿತ್ತು. ಮಕ್ಕಳೇ, ಸೋರಿಕೆ ಹುಡುಕುವಾಗ ಕೈ ಹೊಲಸಾಗುತ್ತದೆ ಎಂದು ಹಿಂಜರಿಯಬೇಡಿ. ನಾಯಿಯದ್ದೇ ಆಗಿದ್ದರೂ ತೊಳೆದರೆ ಹೋಗುತ್ತದೆ.

ಬ್ರೇಕ್ ಕೆಲಸ ಮುಗಿದ ಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ, ಒಬ್ಬ ಚಕ್ರದ ಹಿಂದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಬರೀ ಕೂಗು. "ಒತ್ತು" ಎಂದರೆ ಮೇಲಿನವನು ಪೆಡಲ್ ಒತ್ತಿ ಹಿಡಿಯುತ್ತಾನೆ. ಕೆಳಗಿನವನು ಚಕ್ರದ ಹಿಂದಿರುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸುತ್ತಾನೆ, ಗಾಳಿ ಬುಳುಬುಳು ಹೊರಗೆ ಬರುತ್ತದೆ, ಮತ್ತೆ ಬಿಗಿಯುತ್ತಾನೆ. ಆಮೇಲೆ "ಬುಡು". ಆ ಮಾತು ಬರುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಗೆ ಹೋಗಿ ಮಾಡಿದ ಕೆಲಸ ಎಲ್ಲ ನೀರಿನಲ್ಲಿ ಹೋಮ. ಕೆಳಗಿನವನು ಹೇಳಿದ್ದನ್ನು ಮೇಲಿನವನು ನಂಬಲೇಬೇಕು. ಹತ್ತಾರು ವರ್ಷ ನಾನು ಕೂಗಿದೆ, ಬೋರಣ್ಣ ಒತ್ತಿದ. ಒಂದು ಸಲವೂ ಅವನ ಕಾಲು ಮೊದಲು ಮೇಲೆ ಬರಲಿಲ್ಲ.

ಮೂರನೇ ರಿಪೇರಿ ನಾಗಮಂಗಲದ್ದು, ಗೌರಿಯನ್ನೂ ಬೋರಣ್ಣನನ್ನೂ ಆಗ ಅಲ್ಲಿಗೆ ಹಾಕಿದ್ದರು. ಅಷ್ಟರಲ್ಲಿ ಪುಟ್ಟಸ್ವಾಮಯ್ಯನವರು ನಿವೃತ್ತರಾಗಿದ್ದರು, ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಬೋರಣ್ಣ ಕಬ್ಬು ಕಡಿಸಲು ಒಂದು ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದ. ಗೌರಿಯ ಹಿಂದಿನ ಎಡಗಡೆ ಸಿಲಿಂಡರು ಒಳಗೇ ಗೀರು ಬಿದ್ದು ಹೋಗಿತ್ತು, ರಬ್ಬರ್ ಹಾಕಿದರೂ ನಿಲ್ಲದು, ಸಿಲಿಂಡರನ್ನೇ ಬದಲಾಯಿಸಬೇಕು. ಸಾಮಾನಿಗೆ ಅರ್ಜಿ ಬರೆದು ಕಳಿಸಿದರೆ ಅದು ಬರುವಷ್ಟರಲ್ಲಿ ತೆಂಗಿನ ಸಸಿ ನೆಟ್ಟು ಎಳನೀರು ಕುಡಿಯಬಹುದಿತ್ತು. ಆಗಿನ ಸಾಹೇಬರಿಗೋ ಎಲ್ಲವೂ ಇವತ್ತೇ ಆಗಬೇಕು. "ನಾಳೆ ಬೆಳಿಗ್ಗೆ ಗಾಡಿ ಬೇಕು. ಹೇಗೆ ಮಾಡ್ತೀರೋ ನನಗೆ ಗೊತ್ತಿಲ್ಲ" ಎಂದರು.

ಹೇಗೆ ಮಾಡುವುದೆಂದು ನನಗೆ ಗೊತ್ತಿತ್ತು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬರೆದಿಡದ ಒಂದು ಉಪಾಯವಿದೆ. ಸೈಕಲ್ ಬೇರಿಂಗಿನ ಒಂದು ಉಕ್ಕಿನ ಗುಂಡು ತೆಗೆದುಕೊಂಡು, ಸೋರುವ ಚಕ್ರಕ್ಕೆ ಹೋಗುವ ಪೈಪಿನ ಬಾಯಿಗೆ ಇಟ್ಟು, ನಟ್ಟು ಬಿಗಿದುಬಿಡುವುದು. ಆ ಚಕ್ರಕ್ಕೆ ಆಯಿಲ್ ಹೋಗುವುದಿಲ್ಲ, ಸೋರಿಕೆ ನಿಲ್ಲುತ್ತದೆ. ಗಾಡಿ ಮೂರು ಚಕ್ರದ ಬ್ರೇಕಿನಲ್ಲಿ ಓಡುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಬರುವುದರಿಂದ ಏನೂ ತಿಳಿಯುವುದಿಲ್ಲ. ಇದಕ್ಕೆ ನಾವು ಇಟ್ಟಿದ್ದ ಹೆಸರು 'ಸದ್ಯಕ್ಕೆ'. ಸದ್ಯಕ್ಕೆ ಹಾಕಿದೆ ಎಂದರೆ ಗುಂಡು ಹಾಕಿದೆ ಎಂದೇ ಅರ್ಥ. ಹಾಕಿದೆ. ಲಾಗ್ ಪುಸ್ತಕದಲ್ಲಿ 'ಬ್ರೇಕ್ ಪೂರ್ಣ ದುರಸ್ತಿ ಮಾಡಲಾಗಿದೆ' ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಸಾಹೇಬರು ನನ್ನ ಬೆನ್ನು ತಟ್ಟಿದರು.

ಬೋರಣ್ಣ ರಜೆ ಮುಗಿಸಿ ಬಂದಾಗ ಹೇಳಬೇಕು ಎಂದುಕೊಂಡಿದ್ದೆ. ಅವನು ಬಂದ ದಿನ ನಾನು ಪಾಂಡವಪುರದಲ್ಲಿದ್ದೆ, ಆಮೇಲೆ ಮರೆತೆ. ಮೂರನೇ ವಾರ ಅವನೇ ಸಿಕ್ಕಿದ.

"ಚಿಕ್ಕ, ಗೌರಿ ಬ್ರೇಕ್ ಒತ್ತುದ್ರೆ ವಸಿ ಬಲಕ್ಕೆ ಎಳೀತಾಳೆ ಕಣ್ಲಾ. ಕಾಲಿಗೆ ಗೊತ್ತಾಯ್ತದೆ."

ಆ ಕ್ಷಣಕ್ಕೆ ನೆನಪಾಯಿತು. ಎಡಗಡೆ ಒಂದು ಚಕ್ರ ಹಿಡಿಯದಿದ್ದರೆ ಗಾಡಿ ಬಲಕ್ಕೆ ಎಳೆಯಲೇಬೇಕು. ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಪೂರ್ಣ ದುರಸ್ತಿ ಎಂದು ಬರೆದ ಪುಸ್ತಕ ಸಾಹೇಬರ ಮೇಜಿನ ಮೇಲಿತ್ತು, ನನ್ನ ಬಡ್ತಿಯ ಕಾಗದವೂ ಅದೇ ಮೇಜಿನ ಮೇಲಿತ್ತು. ಹೊಸ ಸಿಲಿಂಡರು ಮುಂದಿನ ವಾರ ಬಂದೇಬಿಡುತ್ತದೆ, ಗುಟ್ಟಾಗಿ ಹಾಕಿಬಿಡೋಣ ಎಂದುಕೊಂಡೆ.

"ಟೈರ್‌ಗೆ ಗಾಳಿ ಎಚ್ಚುಕಮ್ಮಿ ಇರ್ಬೇಕು ಕಣಣ್ಣ, ನೋಡ್ಸು" ಎಂದೆ.

ಅವನು ನನ್ನ ಮಾತು ನಂಬಿ ನಾಲ್ಕೂ ಟೈರಿಗೆ ಗಾಳಿ ಹಾಕಿಸಿದ. ಎರಡು ದಿನ ಕಳೆದ ಮೇಲೆ ಸಾಹೇಬರನ್ನು ಮೇಲುಕೋಟೆಗೆ ಕರೆದುಕೊಂಡು ಹೋಗಿ ಇಳಿಜಾರಿನಲ್ಲಿ ವಾಪಸು ಬರುವಾಗ, ತಿರುವಿನಲ್ಲಿ ಎದುರಿಗೆ ಒಂದು ಹೋರಿ ಅಡ್ಡ ಬಂತು. ಬೋರಣ್ಣ ಬಲವಾಗಿ ಬ್ರೇಕ್ ಒತ್ತಿದ. ರಸ್ತೆಯ ಮೇಲೆ ಜಲ್ಲಿ ಇತ್ತು. ಗೌರಿ ಬಲಕ್ಕೆ ತಿರುಗಿ, ರಸ್ತೆ ದಾಟಿ, ಪಕ್ಕದ ಬಂಡೆಗೆ ಮೂತಿ ಗುದ್ದಿ ನಿಂತಿತು. ಸಾಹೇಬರ ಹೆಗಲ ಮೂಳೆ ಮುರಿಯಿತು. ಬೋರಣ್ಣನ ಮುಂದಿನ ಎರಡು ಹಲ್ಲು ಹೋದವು. ಹೋರಿಗೆ ಏನೂ ಆಗಲಿಲ್ಲ. ಜೀವ ಉಳಿದದ್ದು ಅವರ ಪುಣ್ಯವೋ ಹೋರಿಯ ಪುಣ್ಯವೋ, ನನ್ನದಂತೂ ಇರಲಾರದು.

ವಿಚಾರಣೆ ನಡೆಯಿತು. ಅಪಘಾತದ ಹೊತ್ತಿನಲ್ಲಿ ಬ್ರೇಕ್ ಹೇಗಿತ್ತು ಎಂದು ನೋಡಿ ವರದಿ ಕೊಡಲು ಇಲಾಖೆ ಒಬ್ಬ ತಜ್ಞನನ್ನು ನೇಮಿಸಿತು. ಆ ತಜ್ಞ ನಾನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈಗೆ ಕುಂಬಳಕಾಯಿಯನ್ನೇ ಕೊಟ್ಟು ಕಳ್ಳನನ್ನು ಹುಡುಕು ಎಂದರು. ಪೆಡಲ್ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಆಯಿಲ್ ನೋಡಿದೆ, ತುಂಬಿತ್ತು. 'ಬ್ರೇಕಿನಲ್ಲಿ ಯಾವುದೇ ದೋಷ ಕಂಡುಬಂದಿಲ್ಲ' ಎಂದು ಬರೆದೆ. ಕಂಡುಬಂದಿಲ್ಲ ಎನ್ನುವುದು ಸರ್ಕಾರಿ ಕನ್ನಡದಲ್ಲಿ ನನ್ನಂಥವರಿಗಾಗಿಯೇ ಇರುವ ಮಾತು. ಯಾರಿಗೆ ಕಂಡುಬರಲಿಲ್ಲ, ಯಾಕೆ ಕಂಡುಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಅಡಿಕೆಗಿಂತ ಸಣ್ಣ ಗುಂಡಿಗೆ ಹೋಯಿತು.

ಬೋರಣ್ಣನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ತುಟಿ ಊದಿತ್ತು. ಅವನು ಕೇಳಿದ್ದು ಒಂದೇ ಮಾತು.

"ಚಿಕ್ಕ, ನೀನೇ ನೋಡಿದ್ಯಂತಲ್ಲ. ಬ್ರೇಕ್ ಸರ್ಯಾಗಿತ್ತಾ?"

"ಸರ್ಯಾಗಿತ್ತು ಕಣಣ್ಣ."

ಅವನು ಹೊದಿಕೆ ಸರಿಸಿ ತನ್ನ ಬಲಗಾಲನ್ನು ಬಹಳ ಹೊತ್ತು ನೋಡಿದ. "ಅಂಗಾದ್ರೆ ಇದೇ ಮೋಸ ಮಾಡ್ತು" ಎಂದ. ನಾನು ತಂದಿದ್ದ ಕಿತ್ತಳೆಹಣ್ಣನ್ನು ಮಂಚದ ಮೇಲಿಟ್ಟು ಎದ್ದು ಬಂದೆ.

ಚಾಲಕನ ಅಜಾಗರೂಕತೆ ಎಂದು ತೀರ್ಮಾನವಾಯಿತು. ಅವನನ್ನು ಡ್ರೈವರ್ ಕೆಲಸದಿಂದ ತೆಗೆದು ಪಾಂಡವಪುರದ ಗೋದಾಮಿನ ಗೇಟಿಗೆ ಕಾವಲು ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದ. ಗೌರಿಯ ಮೂತಿ ರಿಪೇರಿ ಮಾಡುವ ನೆಪದಲ್ಲಿ ನಾನು ಗುಂಡು ತೆಗೆದು ಹೊಸ ಸಿಲಿಂಡರು ಹಾಕಿದೆ. ಗುಂಡನ್ನು ಎಸೆಯಲು ಮನಸ್ಸು ಬರಲಿಲ್ಲ, ಮನೆಯಲ್ಲಿ ಅಂಗಿ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟೆ. ಅದೇ ವರ್ಷ ನನಗೆ ಬಡ್ತಿ ಬಂತು. ಅದರ ಬಗ್ಗೆ ಬರೆಯುವುದಿಲ್ಲ.

ಗೇಟಿನಲ್ಲಿ ಬೋರಣ್ಣ ಎದುರಾದಾಗಲೆಲ್ಲ ಟೀ ಕುಡಿಸುತ್ತಿದ್ದೆ. ಅಷ್ಟು ಟೀ ಕುಡಿಸಿದವನು ಒಂದು ಮಾತು ಹೇಳಲಾರದೆ ಹೋದೆ. ಗೇಟಿನಲ್ಲಿ ಅವನು ಯಾವಾಗಲೂ ಚಪ್ಪಲಿ ಹಾಕಿಯೇ ಇರುತ್ತಿದ್ದ. ಊರಿನಲ್ಲಿ ಅವನ ಮನೆಯ ಟ್ರಾಕ್ಟರನ್ನೂ ಮುಟ್ಟುವುದಿಲ್ಲ ಎಂದು ಕೇಳಿದೆ. ಡ್ರೈವಿಂಗ್ ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಿದ್ದನಂತೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನಂತೂ ಕೇಳುವ ಹಾಗಿರಲಿಲ್ಲ.

ಕಾಲ ಬದಲಾಯಿತು. ಜೀಪು ಹೋಗಿ ಕಾರು ಬಂತು, ಡ್ರಮ್ಮಿನ ಜಾಗಕ್ಕೆ ಡಿಸ್ಕ್ ಬಂತು, ಆಯಿಲಿನ ದಾರಿ ಎರಡಾಯಿತು. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಆಯಿಲ್ ಕಮ್ಮಿಯಾದರೆ ಡ್ರೈವರನ ಮುಂದೆ ಕೆಂಪು ದೀಪ ಹತ್ತುತ್ತದೆ. ಗಾಡಿಯೇ ಮೆಕ್ಯಾನಿಕ್ಕನ ಮೇಲೆ ಚಾಡಿ ಹೇಳುವ ಕಾಲ. ಆ ದೀಪ ಗೌರಿಗಿದ್ದಿದ್ದರೂ ನಾನು ಅದರ ವೈರು ಕಿತ್ತು 'ಸದ್ಯಕ್ಕೆ' ಎನ್ನುತ್ತಿದ್ದೆನೋ ಏನೋ.

ನಾನು ನಿವೃತ್ತನಾಗಿ ಕೆಲವು ವರ್ಷವಾದ ಮೇಲೆ, ಹೋದ ಬೇಸಿಗೆಯಲ್ಲಿ, ಬೋರಣ್ಣನ ಮಗಳು ಮಂಜುಳಾ ಫೋನ್ ಮಾಡಿದಳು. ಅಕ್ಕಿಹೆಬ್ಬಾಳಿನಲ್ಲಿ ಹತ್ತು ಹಸು ಕಟ್ಟಿಕೊಂಡು ಹಾಲಿನ ವ್ಯವಹಾರ ನೋಡಿಕೊಳ್ಳುವ ಗಟ್ಟಿ ಹೆಣ್ಣುಮಗಳು. "ಮಾವ, ನಮ್ ಜೀಪು ಬ್ರೇಕ್ ಆಯಿಲ್ ಸೋರ್ತಾ ಐತೆ, ಒಂದಪ ಬಂದ್ ನೋಡಿ" ಎಂದಳು. ಹೋದೆ. ಹಟ್ಟಿಯ ಮುಂದೆ ನಿಂತಿದ್ದ ಗಾಡಿ ನೋಡಿದೆ. ಗೌರಿ. ಮೂತಿಯ ಮೇಲೆ ನಾನೇ ತಟ್ಟಿ ಸರಿಮಾಡಿದ್ದ ತಗ್ಗು ಹಾಗೇ ಇತ್ತು.

ಇಲಾಖೆ ಹರಾಜಿಗೆ ಹಾಕಿದಾಗ ಬೋರಣ್ಣನೇ ಹಟ ಹಿಡಿದು ಕೊಂಡನಂತೆ. ಕೊಂಡವನು ಒಂದು ದಿನವೂ ಸ್ಟೇರಿಂಗ್ ಮುಟ್ಟಿಲ್ಲ. ಮಗಳು ಮೇವು, ಹಾಲಿನ ಕ್ಯಾನು ಹಾಕಿಕೊಂಡು ಓಡಿಸುತ್ತಾಳೆ. ಅವನು ದಿನಾ ಬೆಳಿಗ್ಗೆ ತೊಳೆಯುತ್ತಾನೆ. ನಾನು ಹೋದಾಗಲೂ ಕುಕ್ಕರುಗಾಲಲ್ಲಿ ಕೂತು ತೆಂಗಿನ ನಾರಿನಿಂದ ಚಕ್ರ ಉಜ್ಜುತ್ತಿದ್ದ.

"ಏನೂ ತಪ್ಪಿಲ್ದಿರೋ ಗಾಡಿ ಕಣ್ಲಾ ಚಿಕ್ಕ. ನಾನೇ ಬಂಡೆಗೆ ಗುದ್ದಿ ಮೂತಿ ಒಡದಾಕ್ಬುಟ್ಟೆ. ಇಷ್ಟಾದ್ರೂ ಸೇವೆ ಮಾಡ್ಬ್ಯಾಡ್ವಾ?"

ನಾನು ಗಾಡಿಯ ಕೆಳಗೆ ನುಗ್ಗಿದೆ. ಅಡಗಿಕೊಳ್ಳಲು ಜೀವನವಿಡೀ ನನಗಿದ್ದ ಜಾಗ ಅದೊಂದೇ. ಸೋರುತ್ತಿದ್ದದ್ದು ಮತ್ತೆ ಅದೇ, ಹಿಂದಿನ ಎಡಗಡೆ. ಹೊರಗೆ ಬಂದು, ಸಿಲಿಂಡರ್ ಹೋಗಿದೆ, ಹಳೇ ಗಾಡಿಯದು, ಹುಡುಕಿ ತರಬೇಕು, ನಾಲ್ಕೈದು ದಿನ ಆಗುತ್ತದೆ ಎಂದೆ.

"ನಾಲ್ಕೈದು ದಿನ ಹಾಲು ಯಾವುದ್ರಲ್ಲಿ ತಕ್ಕೊಂಡೋಗ್ಲಿ ಮಾವ?" ಎಂದಳು ಮಂಜುಳಾ. "ಪೇಟೆ ಗ್ಯಾರೇಜ್‌ನೋರು ಏಳುದ್ರು, ಸದ್ಯಕ್ಕೆ ಪೈಪ್‌ಗೆ ಒಂದು ಗುಂಡಾಕ್ಬುಟ್ರೆ ಮೂರು ಚಕ್ರದಲ್ಲಿ ಓಡ್ತದಂತಲ್ಲ. ಎಲ್ರೂ ಅಂಗೇ ಮಾಡ್ತಾರಂತೆ. ನೀವೇ ಆಕ್ಬುಡಿ."

"ಬ್ಯಾಡ!" ಎಂದು ಕಿರುಚಿದೆ. ಕೊಟ್ಟಿಗೆಯ ಹಸುಗಳು ತಿರುಗಿ ನೋಡಿದವು. ಮಂಜುಳಾ ಬೆಪ್ಪಾಗಿ ನಿಂತಳು. ಆ ಹುಡುಗಿ ಕ್ಯಾನು ತುಂಬಿಕೊಂಡು ದಿನಾ ಹೇಮಾವತಿ ಹೊಳೆ ಕಡೆಯ ಇಳಿಜಾರಿನಲ್ಲಿ ಹೋಗುವುದು ಕಣ್ಣ ಮುಂದೆ ಬಂತು. ಅಪ್ಪನಿಗೆ ಮಾಡಿದ್ದನ್ನು ಮಗಳಿಗೂ ಮಾಡಲೇ? ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಗುಂಡು ಆಗ ಹೊರಗೆ ಬಂತು. ನಾಗಮಂಗಲದ ಪೈಪು, ಲಾಗ್ ಪುಸ್ತಕ, ಟೈರಿನ ಗಾಳಿ ಎಂದ ಸುಳ್ಳು, ವರದಿ, ಎಲ್ಲವನ್ನೂ ಹೇಳಿದೆ. ಹೇಳುವಾಗ ನಾನು ನೋಡುತ್ತಿದ್ದದ್ದು ಬೋರಣ್ಣನ ಕೈಯ ತೆಂಗಿನ ನಾರನ್ನು ಮಾತ್ರ. ಅದು ಅಲ್ಲಾಡಲಿಲ್ಲ.

ಬೋರಣ್ಣ ಕೇಳಿದ. "ಯಾವ್ ಚಕ್ರ?"

"ಇದೇ ಕಣಣ್ಣ. ಹಿಂದಿನ ಎಡಗಡೇದು."

ಅವನು ತಾನು ಉಜ್ಜುತ್ತ ಕೂತಿದ್ದ ಚಕ್ರವನ್ನು ನೋಡಿದ. ಆಮೇಲೆ ತನ್ನ ಬಲಗಾಲನ್ನು ನೋಡಿದ.

"ಅಂಗಾದ್ರೆ ನನ್ ಕಾಲು ಸರ್ಯಾಗೇ ಇತ್ತು."

"ಸರ್ಯಾಗೇ ಇತ್ತು ಕಣಣ್ಣ."

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಂಜುಳಾ ನನಗೆ ನೀರು ಬೇಕೇ ಎಂದು ಕೂಡ ಕೇಳಲಿಲ್ಲ.

ಮೈಸೂರಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಆರನೇ ದಿನ ಸಿಲಿಂಡರು ಹಿಡಿದುಕೊಂಡು ಹೋದೆ. ಈ ಸಲ ಸ್ವಂತ ಬುದ್ಧಿ ಓಡಿಸಲಿಲ್ಲ. ರಬ್ಬರನ್ನು ಬ್ರೇಕ್ ಆಯಿಲಿನಲ್ಲೇ ತೊಳೆದೆ. ಆಯಿಲ್ ಕುಡಿದಿದ್ದ ಲೈನರ್ ತೆಗೆದು ಹೊಸದು ಹಾಕಿದೆ. ಎಲ್ಲ ಒದ್ದೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿದೆ. ಪುಟ್ಟಸ್ವಾಮಯ್ಯನವರು ಇದ್ದಿದ್ದರೆ 'ಪರ್ವಾಗಿಲ್ಲ' ಎನ್ನುತ್ತಿದ್ದರು. ಕೊನೆಗೆ ಗಾಳಿ ತೆಗೆಯಬೇಕು, ಪೆಡಲ್ ಒತ್ತುವವರು ಬೇಕು. ಮಂಜುಳಾ ಹಸು ಹಿಡಿದುಕೊಂಡು ಹೊಲಕ್ಕೆ ಹೋಗಿದ್ದಳು. ನಾನು ಚಕ್ರದ ಹಿಂದೆ ಮಲಗಿಕೊಂಡು ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಆಗ ಜೀಪು ಒಂದು ಕಡೆಗೆ ಸ್ವಲ್ಪ ವಾಲಿತು. ಯಾರೋ ಸೀಟಿಗೆ ಹತ್ತಿದರು. ಕೆಳಗಿನಿಂದ ನನಗೆ ಕಂಡದ್ದು ನೆಲದ ಮೇಲೆ ಬಿಟ್ಟಿದ್ದ ಜೋಡಿ ಚಪ್ಪಲಿ ಮಾತ್ರ.

ಸ್ಪ್ಯಾನರನ್ನು ನಿಪ್ಪಲಿಗೆ ಹಾಕಿದೆ. ಹೇಗೋ ಕೂಗಿದೆ. "ಒತ್ತು."

ಒತ್ತಿದ. ನಿಪ್ಪಲಿನಿಂದ ಗಾಳಿ ಬುಳುಬುಳು ಬಂತು. ಬಿಗಿದೆ. "ಬುಡು." ನಾಲ್ಕೂ ಚಕ್ರ ಮುಗಿಯುವವರೆಗೆ ನಮ್ಮಿಬ್ಬರ ನಡುವೆ ಈ ಎರಡು ಮಾತು ಬಿಟ್ಟು ಬೇರೆ ಇರಲಿಲ್ಲ. ಒಂದು ಸಲವೂ ಅವನ ಕಾಲು ಮೊದಲು ಮೇಲೆ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ ನನ್ನ ಕೂಗನ್ನು ನಂಬಿದನಲ್ಲ ಎಂದು ನಾನು ಅಲ್ಲೇ ಮಲಗಿಕೊಂಡು ಅತ್ತೆ. ಆಯಿಲ್ ಕಣ್ಣಿಗೆ ಬಿತ್ತು ಎಂದು ಹೇಳಿಕೊಳ್ಳುವ ಅನುಕೂಲ ಈ ಕಸುಬಿನಲ್ಲಿ ಇದ್ದೇ ಇದೆ.

"ಅತ್ತು" ಎಂದ ಬೋರಣ್ಣ. ಜೀಪು ಹತ್ತು ಎಂದು ಅರ್ಥ. ಹತ್ತಿದೆ. ಎಲ್ಲಿಗೆ ಎಂದು ಕೇಳಲಿಲ್ಲ, ಗೊತ್ತಿತ್ತು.

ಮೇಲುಕೋಟೆಯವರೆಗೂ ಅವನೇ ಓಡಿಸಿದ. ಮೇಲೆ ಗಾಡಿ ತಿರುಗಿಸಿ ಇಳಿಯತೊಡಗಿದ. ಆ ತಿರುವು ಬಂತು, ಆ ಬಂಡೆಯೂ ಬಂತು. ಬೋರಣ್ಣ ಅಂಗಾಲನ್ನು ಪ್ಯಾಂಟಿಗೆ ಒಮ್ಮೆ ಉಜ್ಜಿಕೊಂಡು ಬಲವಾಗಿ ಬ್ರೇಕ್ ಒತ್ತಿದ. ಗೌರಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ಕಣ್ಣಿ ಹಾಕಿ ಕಟ್ಟಿದ ಹಸುವಿನ ಹಾಗೆ ನೆಟ್ಟಗೆ ನಿಂತಿತು. ಅವನು ನನ್ನ ಕಡೆ ತಿರುಗಿದ.

"ಇಳೀಲಾ."

"ಬಿಸಿಲು ಕಣಣ್ಣ..."

"ಇಳಿ ಅಂದೆ."

ಇಳಿದೆ. ಅವನು ಒಬ್ಬನೇ ಹೊರಟ. ನಾನು ಸ್ಪ್ಯಾನರ್ ಚೀಲ ಹೊತ್ತುಕೊಂಡು ಅರವತ್ತು ದಾಟಿದ ಮಂಡಿಯಲ್ಲಿ ಇಳಿಜಾರು ಇಳಿದೆ. ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು ಮೇಲಿನಿಂದ ಕಾಣುತ್ತಿತ್ತು. ನಿಲ್ಲಿಸುವ ಅಗತ್ಯವೇನೂ ಇರಲಿಲ್ಲ, ಕಾಲಿನ ಜೊತೆ ಮಾತಾಡುತ್ತಿದ್ದ. ಕೆಳಗೆ ತಲುಪಿದಾಗ ಹುಣಿಸೆಮರದ ನೆರಳಿನಲ್ಲಿ ಜೀಪು ನಿಲ್ಲಿಸಿಕೊಂಡು ಕೂತಿದ್ದ. ಒಂದು ಎಳನೀರು ಕೊಚ್ಚಿಸಿ ಕುಡಿಯುತ್ತಿದ್ದ. ನನಗೆ ತರಿಸಿರಲಿಲ್ಲ. ಕ್ಷಮಿಸು ಎಂದೆ.

"ಬಾಯಲ್ಲಿ ಏಳ್ಬ್ಯಾಡ. ಅವತ್ತು ಬರ್ದು ಸೈನ್ ಆಕ್ದಲ್ಲ? ಇವತ್ತೂ ಬರ್ದು ಸೈನ್ ಆಕು. ನಾಕ್ ಜನ ಓದ್ಲಿ" ಎಂದ.

ಇಲಾಖೆಗೆ ಬರೆದೆ, ಇನ್ನೂ ಉತ್ತರ ಬಂದಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ಎಡಗಡೆ ಚಕ್ರದ ಬ್ರೇಕ್ ಪೈಪಿಗೆ ಗುಂಡು ಹಾಕಿ ಮುಚ್ಚಿದವನು ನಾನು. ಚಾಲಕ ಬೋರೇಗೌಡರ ಕಾಲಿನಲ್ಲಿ ಯಾವುದೇ ದೋಷ ಇರಲಿಲ್ಲ.

ಸಹಿ,
ಚಿಕ್ಕಣ್ಣ, ಮೆಕ್ಯಾನಿಕ್